ಅಕಾಲದಲ್ಲಿ ಬಂದ ಕಾರು

2018ನೆಯ ಇಸವಿಯ ಆಗಸ್ಟ್ ತಿಂಗಳಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಪೆಬಲ್ ಬೀಚ್ ಎಂಬ ಕಡಲತೀರದ ಊರಿನಲ್ಲಿ ಒಂದು ಹರಾಜು ನಡೆಯಿತು. ಅಲ್ಲಿ 1935ರಲ್ಲಿ ತಯಾರಾದ, ಇಬ್ಬರು ಮಾತ್ರ ಕೂರಬಹುದಾದ ಹಳೆಯ ಕಾರೊಂದು 2 ಕೋಟಿ 20 ಲಕ್ಷ ಡಾಲರುಗಳಿಗೆ ಮಾರಾಟವಾಯಿತು. ಅಮೆರಿಕದಲ್ಲಿ ತಯಾರಾದ ಯಾವ ಕಾರಿಗೂ ಅಂದಿನವರೆಗೆ ಹರಾಜಿನಲ್ಲಿ ಇಷ್ಟು ಹಣ ಬಂದಿರಲಿಲ್ಲ. ಆ ಕಾರಿನ ಹೆಸರು ಡ್ಯೂಸೆನ್‌ಬರ್ಗ್. ಅದೇ ಕಂಪನಿಯ, ಅದೇ ಕಾಲದ ಕಾರುಗಳು 1940ರ ದಶಕದಲ್ಲಿ ಕೆಲವು ನೂರು ಡಾಲರುಗಳಿಗೆ ಹಳೆಯ ಕಾರುಗಳ ಅಂಗಡಿಯಲ್ಲಿ ಸಿಗುತ್ತಿದ್ದವು. ಕೊಳ್ಳುವವರಿಲ್ಲದೆ ಕೆಲವು ಗುಜರಿಗೂ ಹೋದವು. ಕಬ್ಬಿಣ ಅದೇ, ಯಂತ್ರ ಅದೇ, ಬಣ್ಣ ಮಾತ್ರ ಮಾಸಿತ್ತು. ಹಾಗಿದ್ದರೆ ಈ ಎಪ್ಪತ್ತೆಂಬತ್ತು ವರ್ಷಗಳಲ್ಲಿ ಆದ ಬದಲಾವಣೆ ಕಾರಿನಲ್ಲಿ ಆದದ್ದೋ, ನೋಡುವವರ ಕಣ್ಣಿನಲ್ಲಿ ಆದದ್ದೋ? ಈ ಪ್ರಶ್ನೆಯನ್ನು ಮುಂದಿಟ್ಟುಕೊಂಡು ಆ ಕಾರಿನ ಚರಿತ್ರೆಯನ್ನು ಸ್ವಲ್ಪ ವಿವರವಾಗಿ ನೋಡಬಹುದು.

ಹಳಗನ್ನಡ ಪಾಠ ಹೇಳಿಕೊಂಡು ಬದುಕಿದವನಿಗೆ ಮೋಟಾರು ಕಾರಿನ ಗೊಡವೆ ಏಕೆ ಎಂದು ಯಾರಾದರೂ ಕೇಳಬಹುದು. ನನ್ನ ಜೀವಮಾನದ ಬಹುಭಾಗ ಓಲೆಗರಿಯ ಪ್ರತಿಗಳೊಡನೆ ಕಳೆದಿದೆ. ಒಂದು ಕೃತಿ ಹೇಗೆ ಹುಟ್ಟಿತು ಎಂಬುದರಷ್ಟೇ ಅದು ಹೇಗೆ ಉಳಿಯಿತು ಎಂಬುದೂ ನನಗೆ ಕುತೂಹಲದ ವಿಷಯ. ಹುಳು ತಿನ್ನದಂತೆ, ಹೊಳೆಗೆ ಹೋಗದಂತೆ ಕಾಪಾಡಿದ ಕೈಗಳು ಯಾರವು, ಅವರಿಗೆ ಅದರಿಂದ ಬಂದದ್ದೇನು ಎಂದು ಯೋಚಿಸುವುದು ನನಗೆ ಅಭ್ಯಾಸವಾಗಿಬಿಟ್ಟಿದೆ. ಡ್ಯೂಸೆನ್‌ಬರ್ಗ್ ಕಾರಿನ ಕಥೆಯೂ ಕೊನೆಗೆ ಅಂಥ ಕೈಗಳ ಕಥೆಯೇ ಆಗಿದೆ.

ಫ್ರೆಡ್ ಮತ್ತು ಆಗಸ್ಟ್ ಡ್ಯೂಸೆನ್‌ಬರ್ಗ್ ಜರ್ಮನಿಯ ಲಿಪ್ಪೆ ಪ್ರಾಂತ್ಯದಲ್ಲಿ ಹುಟ್ಟಿದ ಅಣ್ಣತಮ್ಮಂದಿರು. ಅಣ್ಣನ ಜನನ 1876ರಲ್ಲಿ, ತಮ್ಮನದು 1879ರಲ್ಲಿ. ಚಿಕ್ಕಂದಿನಲ್ಲಿಯೇ ತಾಯಿಯೊಡನೆ ಅಮೆರಿಕಕ್ಕೆ ವಲಸೆ ಬಂದು ಅಯೋವಾ ರಾಜ್ಯದ ಬೇಸಾಯದ ಸೀಮೆಯಲ್ಲಿ ಬೆಳೆದರು. ಯಾವ ಇಂಜಿನಿಯರಿಂಗ್ ಕಾಲೇಜಿನ ಮೆಟ್ಟಿಲನ್ನೂ ಅವರು ಹತ್ತಲಿಲ್ಲ. ಹೊಲದ ಯಂತ್ರಗಳನ್ನು ರಿಪೇರಿ ಮಾಡುತ್ತ, ಸೈಕಲ್ಲುಗಳನ್ನು ಕಟ್ಟುತ್ತ, ಆ ಸೈಕಲ್ಲುಗಳ ಮೇಲೆ ಪಂದ್ಯಗಳಲ್ಲಿ ಓಡುತ್ತ ಫ್ರೆಡ್ ತನ್ನ ವಿದ್ಯೆಯನ್ನು ತಾನೇ ಕಲಿತನು. 1906ರಲ್ಲಿ ಡೆ ಮೊಯಿನ್ ನಗರದ ಮೇಸನ್ ಎಂಬ ವಕೀಲರು ಬಂಡವಾಳ ಹಾಕಿದರು. ಅವರ ಹೆಸರಿನಲ್ಲಿಯೇ ಅಣ್ಣತಮ್ಮಂದಿರ ಮೊದಲ ಕಾರು ಹೊರಬಂದಿತು.

ಮುಂದೆ ಅವರಿಗೆ ಹೆಸರು ತಂದುಕೊಟ್ಟದ್ದು ಪಂದ್ಯಗಳು. 1921ರಲ್ಲಿ ಫ್ರಾನ್ಸಿನ ಲಮಾನ್‌ನಲ್ಲಿ ನಡೆದ ಫ್ರೆಂಚ್ ಗ್ರಾಂಪ್ರಿ ಪಂದ್ಯವನ್ನು ಜಿಮ್ಮಿ ಮರ್ಫಿ ಎಂಬ ಅಮೆರಿಕನ್ ಚಾಲಕ ಡ್ಯೂಸೆನ್‌ಬರ್ಗ್ ಕಾರಿನಲ್ಲಿ ಗೆದ್ದನು. ಅಭ್ಯಾಸದ ಓಟದಲ್ಲಿ ಕಾರು ಉರುಳಿ ಆತನಿಗೆ ಪೆಟ್ಟಾಗಿತ್ತು, ಮೈಗೆ ಬಿಗಿಯಾಗಿ ಪಟ್ಟಿ ಸುತ್ತಿಕೊಂಡೇ ಆತ ಓಡಿಸಿದನಂತೆ. ಅಮೆರಿಕನ್ನನೊಬ್ಬ ಅಮೆರಿಕದ ಕಾರಿನಲ್ಲಿ ಯುರೋಪಿನ ಗ್ರಾಂಪ್ರಿ ಗೆದ್ದದ್ದು ಅದೇ ಮೊದಲು. ಎರಡನೆಯ ಸಲ ಹಾಗೆ ಆಗಬೇಕಾದರೆ 46 ವರ್ಷ ಕಾಯಬೇಕಾಯಿತು. ತಮ್ಮ ದೇಶದ ಇಂಡಿಯಾನಾಪೊಲಿಸ್ ನಗರದ ಪ್ರಸಿದ್ಧವಾದ 500 ಮೈಲಿಗಳ ಪಂದ್ಯದಲ್ಲಿ 1924, 1925 ಮತ್ತು 1927ರಲ್ಲಿ ಗೆಲುವು ಈ ಅಣ್ಣತಮ್ಮಂದಿರ ಕಾರುಗಳದೇ ಆಯಿತು. 1925ರ ಪಂದ್ಯದಲ್ಲಿ ಪೀಟರ್ ಡಿಪಾವ್ಲೊ ಸರಾಸರಿ ಗಂಟೆಗೆ 100 ಮೈಲಿಯನ್ನು ದಾಟಿದನು. ಅಷ್ಟು ವೇಗದ ಸರಾಸರಿ ಆ ಪಂದ್ಯದಲ್ಲಿ ಅದುವರೆಗೆ ಯಾರಿಗೂ ಸಾಧ್ಯವಾಗಿರಲಿಲ್ಲ.

ಆದರೆ ಪಂದ್ಯ ಗೆಲ್ಲುವ ಜಾಣ್ಮೆ ಬೇರೆ, ಅಂಗಡಿ ನಡೆಸುವ ಜಾಣ್ಮೆ ಬೇರೆ. 1920ರ ದಶಕದ ಆರಂಭದಲ್ಲಿ ಅವರು ಮಾರಾಟಕ್ಕೆ ತಂದ ಮಾಡೆಲ್ ಎ ಎಂಬ ಕಾರು ಸಾಮಾನ್ಯವಾದುದಾಗಿರಲಿಲ್ಲ. ಎಂಟು ಸಿಲಿಂಡರುಗಳು ಒಂದೇ ಸಾಲಿನಲ್ಲಿ ಕುಳಿತ ಇಂಜಿನ್ನು ಅದಕ್ಕಿತ್ತು. ನಾಲ್ಕು ಚಕ್ರಗಳಿಗೂ ದ್ರವದ ಒತ್ತಡದಿಂದ ಕೆಲಸ ಮಾಡುವ ಬ್ರೇಕು ಅಮೆರಿಕದಲ್ಲಿ ಮಾರಾಟದ ಕಾರಿಗೆ ಬಂದದ್ದು ಅದರಲ್ಲಿಯೇ ಮೊದಲು. ಆದರೂ ಐದಾರು ವರ್ಷಗಳಲ್ಲಿ ಆರುನೂರೈವತ್ತರಷ್ಟು ಕಾರುಗಳು ಹೊರಬಂದುವು, ಅಷ್ಟೇ. ಕಂಪನಿ ಸಾಲದಲ್ಲಿ ಮುಳುಗಿತು. ಪ್ರತಿಭೆಯುಳ್ಳವನು ತನ್ನ ಪ್ರತಿಭೆಯ ಲೆಕ್ಕಪತ್ರ ಇಡುವುದು ಕಡಿಮೆ ಎಂಬ ಮಾತಿಗೆ ಫ್ರೆಡ್ ಡ್ಯೂಸೆನ್‌ಬರ್ಗ್ ಒಳ್ಳೆಯ ನಿದರ್ಶನ.

1926ರಲ್ಲಿ ಈ ಕಥೆಗೆ ಇನ್ನೊಬ್ಬನ ಪ್ರವೇಶವಾಯಿತು. ಆತನ ಹೆಸರು ಎರೆಟ್ ಲೊಬನ್ ಕಾರ್ಡ್. ಕಾರು ಮಾರುವವನಾಗಿ ಆರಂಭಿಸಿ, ಮುಳುಗುತ್ತಿದ್ದ ಆಬರ್ನ್ ಕಾರು ಕಂಪನಿಯನ್ನು ಮೇಲೆತ್ತಿ, ಮೂವತ್ತರ ಆಸುಪಾಸಿನಲ್ಲಿಯೇ ದೊಡ್ಡ ಉದ್ಯಮಿಯಾದ ಮನುಷ್ಯ. ಆತ ಡ್ಯೂಸೆನ್‌ಬರ್ಗ್ ಕಂಪನಿಯನ್ನು ಕೊಂಡು, ಫ್ರೆಡ್‌ನನ್ನು ಅಲ್ಲಿಯೇ ಉಳಿಸಿಕೊಂಡು, ಜಗತ್ತಿನಲ್ಲಿಯೇ ಶ್ರೇಷ್ಠವಾದ ಕಾರೊಂದನ್ನು ಕಟ್ಟಿಕೊಡಬೇಕೆಂದು ಕೇಳಿದನು. ಖರ್ಚಿನ ಚಿಂತೆ ಬೇಡವೆಂದು ಹೇಳುವ ಧಣಿ ಕುಶಲಕರ್ಮಿಗೆ ಸಿಗುವುದು ಅಪರೂಪ. ಎರಡು ವರ್ಷಗಳ ಕೆಲಸದ ಫಲವನ್ನು 1928ರ ಡಿಸೆಂಬರ್ 1ರಂದು ನ್ಯೂಯಾರ್ಕಿನ ಪ್ರದರ್ಶನದಲ್ಲಿ ಜನ ಕಂಡರು. ಅದೇ ಮಾಡೆಲ್ ಜೆ.

ಯಂತ್ರಶಾಸ್ತ್ರದ ಪರಿಚಯವಿಲ್ಲದವರಿಗೂ ಕೆಲವು ಅಂಕಿಗಳು ಅದರ ಮಹತ್ತ್ವವನ್ನು ಹೇಳುತ್ತವೆ. ಇಂಜಿನ್ನಿನ ಗಾತ್ರ ಸುಮಾರು 6.9 ಲೀಟರು. ಒಂದೇ ಸಾಲಿನಲ್ಲಿ ಎಂಟು ಸಿಲಿಂಡರು, ಒಂದೊಂದಕ್ಕೂ ನಾಲ್ಕು ವಾಲ್ವುಗಳಂತೆ ಒಟ್ಟು 32 ವಾಲ್ವುಗಳು, ಅವನ್ನು ಆಡಿಸಲು ತಲೆಯ ಮೇಲೆ ಎರಡು ಕ್ಯಾಮ್ ಷಾಫ್ಟುಗಳು. ಈ ಏರ್ಪಾಡು ಅಂದಿನ ಪಂದ್ಯದ ಕಾರುಗಳದು, ಮನೆಮಂದಿ ಓಡಾಡುವ ಕಾರುಗಳಿಗೆ ಅದು ಸಾಮಾನ್ಯವಾದದ್ದು ಎಷ್ಟೋ ದಶಕಗಳ ಅನಂತರ. ಕಂಪನಿ ಹೇಳಿಕೊಂಡ ಶಕ್ತಿ 265 ಅಶ್ವಶಕ್ತಿ. ಆ ಕಾಲದ ಅಮೆರಿಕದ ಬೇರೆ ಯಾವ ಕಾರಿನ ಶಕ್ತಿಯೂ ಇದರ ಅರ್ಧವನ್ನು ಮುಟ್ಟುತ್ತಿರಲಿಲ್ಲ. ಎರಡು ಟನ್ನಿಗೂ ಹೆಚ್ಚು ಭಾರದ ಈ ಗಾಡಿ ಗಂಟೆಗೆ 116 ಮೈಲಿ ಓಡಬಲ್ಲದು ಎಂದು ಅವರು ಹೇಳುತ್ತಿದ್ದರು. ಇಂಜಿನ್ನಿಗೆ ಹಸಿರು ಬಣ್ಣದ ಮೆರುಗು ಕೊಟ್ಟಿದ್ದರು. ಚಾಲಕನ ಮುಂದಿನ ಫಲಕದಲ್ಲಿ ವೇಗಮಾಪಕದ ಜೊತೆಗೆ ಊರಿನ ಎತ್ತರ ತೋರಿಸುವ ಮಾಪಕ, ಬ್ರೇಕಿನ ಒತ್ತಡದ ಮಾಪಕ, ಪಂದ್ಯದ ಗಡಿಯಾರ ಎಲ್ಲವೂ ಇದ್ದುವು. ಅಲ್ಲಿಯೇ ಕೆಲವು ಪುಟ್ಟ ದೀಪಗಳೂ ಇದ್ದುವು. 700 ಮೈಲಿ ಓಡಿದ ಮೇಲೆ ಇಂಜಿನ್ನಿನ ಎಣ್ಣೆ ಬದಲಿಸಬೇಕೆಂದು ಒಂದು ದೀಪ, 1,400 ಮೈಲಿಗೊಮ್ಮೆ ಬ್ಯಾಟರಿಯ ನೀರು ನೋಡಬೇಕೆಂದು ಇನ್ನೊಂದು ದೀಪ ತಾನಾಗಿಯೇ ಹೊತ್ತಿಕೊಳ್ಳುತ್ತಿತ್ತು. ಗಣಕಯಂತ್ರದ ಹೆಸರೂ ಕೇಳದಿದ್ದ ಕಾಲದಲ್ಲಿ ಹಲ್ಲಿನ ಚಕ್ರಗಳಿಂದಲೇ ಇದನ್ನೆಲ್ಲ ಸಾಧಿಸಿದ್ದರು.

ಇಲ್ಲಿ ಒಂದು ಸಂಗತಿಯನ್ನು ವಿಶೇಷವಾಗಿ ಗಮನಿಸಬೇಕು. ಕಂಪನಿ ಮಾರುತ್ತಿದ್ದುದು ಇಂಜಿನ್ನು, ಚಕ್ರ, ಅಡಿಯ ಚೌಕಟ್ಟುಗಳನ್ನು ಒಳಗೊಂಡ ಷಾಸಿಯನ್ನು. ಅದರ ಬೆಲೆಯೇ 8,500 ಡಾಲರು, ಮುಂದೆ 9,500 ಡಾಲರು. ಅದೇ ವೇಳೆಯಲ್ಲಿ ಫೋರ್ಡ್ ಕಂಪನಿಯ ಸಿದ್ಧವಾದ ಕಾರು ಸುಮಾರು 500 ಡಾಲರಿಗೆ ಸಿಗುತ್ತಿತ್ತು. ನಮ್ಮಲ್ಲಿ ಲಾರಿ ಕೊಂಡವರು ಷಾಸಿಯನ್ನು ತಂದು ಬೇರೆಯವರಲ್ಲಿ ಬಾಡಿ ಕಟ್ಟಿಸುತ್ತಾರಲ್ಲ, ಹಾಗೆಯೇ ಡ್ಯೂಸೆನ್‌ಬರ್ಗ್ ಕೊಂಡ ಶ್ರೀಮಂತನೂ ಅದಕ್ಕೆ ತನ್ನ ಇಷ್ಟದಂತೆ ಬಾಡಿಯನ್ನು ಕಟ್ಟಿಸಬೇಕಾಗಿತ್ತು. ಪಾಸಡೀನಾದ ಮರ್ಫಿ, ನ್ಯೂಯಾರ್ಕಿನ ರೋಲ್ಸ್ಟನ್, ಲಬ್ಯಾರನ್, ಡರ್ಹಮ್ ಮೊದಲಾದ ಕಾರ್ಯಾಗಾರಗಳು ಆ ಕೆಲಸದಲ್ಲಿ ಹೆಸರಾಗಿದ್ದುವು. ಹಿಂದಿನ ಕಾಲದಲ್ಲಿ ಕುದುರೆ ಸಾರೋಟು ಕಟ್ಟುತ್ತಿದ್ದವರ ಕಲೆಯೇ ಇದು. ಮರದ ಚೌಕಟ್ಟಿನ ಮೇಲೆ ಲೋಹದ ತಗಡನ್ನು ಕೈಯಿಂದಲೇ ಬಡಿದು ಬಾಗಿಸಿ ಆಕಾರ ಕೊಡುತ್ತಿದ್ದರು. ಕಂಪನಿಯ ಸ್ವಂತ ವಿನ್ಯಾಸಕಾರನಾದ ಗಾರ್ಡನ್ ಬ್ಯೂರಿಗ್ ಎಂಬ ತರುಣ ಬರೆದುಕೊಟ್ಟ ಆಕಾರಗಳು ಇವತ್ತಿಗೂ ಮಾದರಿಯಾಗಿವೆ. ಹೀಗಾಗಿ ಎರಡು ಡ್ಯೂಸೆನ್‌ಬರ್ಗ್‌ಗಳು ಪೂರ್ತಿಯಾಗಿ ಒಂದೇ ರೀತಿ ಇರುವುದು ಅಪರೂಪ. ಅಚ್ಚಿನ ಪುಸ್ತಕದ ಪ್ರತಿಗಳೆಲ್ಲ ಒಂದೇ, ಓಲೆಗರಿಯ ಪ್ರತಿಗಳು ಒಂದೊಂದೂ ಬೇರೆ. ಈ ಕಾರು ಎರಡನೆಯ ಜಾತಿಗೆ ಸೇರಿದ್ದು.

ವರ್ಷಕ್ಕೆ 500 ಕಾರುಗಳನ್ನು ಮಾರಬೇಕೆಂಬುದು ಕಾರ್ಡನ ಅಂದಾಜು. ಅದಕ್ಕೆ ತಕ್ಕಂತೆ ಇಂಜಿನ್ನುಗಳನ್ನು ಪೆನ್ಸಿಲ್ವೇನಿಯಾದ ಲೈಕಮಿಂಗ್ ಕಾರ್ಖಾನೆಯಲ್ಲಿ ತಯಾರಿಸಿಟ್ಟರು. ಕಾರು ಜನರ ಕೈಸೇರಲು ಆರಂಭವಾದದ್ದು 1929ರಲ್ಲಿ. ಅದೇ ವರ್ಷದ ಅಕ್ಟೋಬರಿನಲ್ಲಿ ನ್ಯೂಯಾರ್ಕಿನ ಷೇರುಪೇಟೆ ಕುಸಿಯಿತು. ಸೆಪ್ಟೆಂಬರಿನಲ್ಲಿ 381ರ ಎತ್ತರದಲ್ಲಿದ್ದ ಡೌ ಜೋನ್ಸ್ ಸೂಚ್ಯಂಕ 1932ರ ಜುಲೈ ವೇಳೆಗೆ 41ಕ್ಕೆ ಇಳಿದಿತ್ತು. ದುಡಿಯುವ ಕೈಗಳಲ್ಲಿ ನಾಲ್ಕನೆಯ ಒಂದು ಭಾಗಕ್ಕೆ ಕೆಲಸವಿಲ್ಲದಾಯಿತು. ಬೀದಿಯಲ್ಲಿ ಗಂಜಿಗಾಗಿ ಸಾಲು ನಿಂತವರ ಮುಂದೆ ಇಂಥ ಕಾರಿನಲ್ಲಿ ಹೋಗಲು ಹಣವಿದ್ದವರೂ ಹಿಂಜರಿದರು. ವರ್ಷಕ್ಕೆ 500 ಎಂದು ಎಣಿಸಿದ್ದ ಕಾರು ಎಂಟು ವರ್ಷಗಳಲ್ಲಿ ಒಟ್ಟು 480ರಷ್ಟು ಮಾತ್ರ ತಯಾರಾಯಿತು. ಇಂದು ನಾವು ಯಾವುದನ್ನು ಅಪೂರ್ವತೆ ಎಂದು ಕೊಂಡಾಡುತ್ತೇವೆಯೋ ಅದು ಅಂದು ಮಾರಾಟವಾಗದೆ ಉಳಿದ ಸರಕಿನ ದುಃಖವಾಗಿತ್ತು. ಅಪರೂಪವಾಗಬೇಕೆಂದು ಬಯಸಿ ಯಾರೂ ಆ ಕಾರನ್ನು ಅಪರೂಪವಾಗಿ ಮಾಡಲಿಲ್ಲ.

ಹಣವಿದ್ದು ಹಿಂಜರಿಕೆ ಇಲ್ಲದವರೂ ಇದ್ದರು. ಕ್ಯಾಲಿಫೋರ್ನಿಯಾದ ಜಾರ್ಜ್ ವಿಟೆಲ್ ಎಂಬ ಶ್ರೀಮಂತ ಕುಸಿತಕ್ಕೆ ಮೊದಲೇ ತನ್ನ ಹಣವನ್ನು ಪೇಟೆಯಿಂದ ತೆಗೆದಿಟ್ಟುಕೊಂಡಿದ್ದವನು, ಮನೆಯಲ್ಲಿ ಸಿಂಹ ಸಾಕಿದ್ದವನು. ಆತನೊಬ್ಬನೇ ಆರು ಮಾಡೆಲ್ ಜೆ ಕಾರುಗಳನ್ನು ಕೊಂಡನು. ಕಂಪನಿಯ ಜಾಹೀರಾತುಗಳ ರೀತಿಯೂ ಸ್ವಾರಸ್ಯವಾದದ್ದು. ಅವುಗಳಲ್ಲಿ ಕಾರಿನ ಚಿತ್ರವೇ ಇರುತ್ತಿರಲಿಲ್ಲ. ದೊಡ್ಡ ಬಂಗಲೆಯ ಒಳಗೋ ತೋಟದಲ್ಲಿಯೋ ನಿಂತ ಗಣ್ಯರೊಬ್ಬರ ಚಿತ್ರ, ಇವರು ಓಡಿಸುವುದು ಡ್ಯೂಸೆನ್‌ಬರ್ಗ್ ಎಂಬರ್ಥದ ಒಂದೇ ಸಾಲು. ಹೇಳದೆ ಬಿಟ್ಟದ್ದರಿಂದಲೇ ಹೇಳುವ ಈ ಕೌಶಲವನ್ನು ನಮ್ಮ ಆಲಂಕಾರಿಕರು ಧ್ವನಿ ಎಂದು ಕರೆದಾರು.

1932ರಲ್ಲಿ ಸೂಪರ್‌ಚಾರ್ಜರ್ ಜೋಡಿಸಿದ ಎಸ್‌ಜೆ ಮಾದರಿ ಬಂದಿತು. ಗಾಳಿಯನ್ನು ಒತ್ತಿ ಇಂಜಿನ್ನಿನೊಳಕ್ಕೆ ತುಂಬುವ ಈ ಸಾಧನದಿಂದ ಶಕ್ತಿ 320ಕ್ಕೆ ಏರಿತು. ಹೊಗೆಯ ನಳಿಕೆಗಳು ಇಂಜಿನ್ನಿನ ಪಕ್ಕದಿಂದ ಬೆಳ್ಳಗೆ ಹೊಳೆಯುತ್ತ ಹೊರಗೆ ಇಳಿಬಿದ್ದಿರುವುದು ಆ ಮಾದರಿಯ ಗುರುತಾಯಿತು. ಅಂಥವು ತಯಾರಾದದ್ದು ಸುಮಾರು 36. ಆದರೆ ಅದೇ ವರ್ಷದ ಜುಲೈ ತಿಂಗಳ ಆರಂಭದಲ್ಲಿ ಫ್ರೆಡ್ ಡ್ಯೂಸೆನ್‌ಬರ್ಗ್ ಪೆನ್ಸಿಲ್ವೇನಿಯಾದ ಬೆಟ್ಟದ ರಸ್ತೆಯಲ್ಲಿ ತನ್ನದೇ ಕಾರನ್ನು ಓಡಿಸಿಕೊಂಡು ಬರುವಾಗ ಅಪಘಾತಕ್ಕೆ ಸಿಕ್ಕನು. ಚೇತರಿಸಿಕೊಳ್ಳುವಂತೆ ಕಂಡರೂ ನ್ಯುಮೋನಿಯಾ ತಗುಲಿ ಆ ತಿಂಗಳ 26ರಂದು ತೀರಿಕೊಂಡನು. ಷೇರುಪೇಟೆ ತನ್ನ ಅತ್ಯಂತ ಕೆಳಗಿನ ಮಟ್ಟವನ್ನು ಮುಟ್ಟಿದ್ದೂ ಅದೇ ತಿಂಗಳು. ಕಾರಿಗೆ ಕಾಲ ಒದಗಲಿಲ್ಲ, ಕರ್ತೃವಿಗೆ ಆಯುಷ್ಯ ಒದಗಲಿಲ್ಲ.

ತಮ್ಮನಾದ ಆಗಸ್ಟ್ ಕೆಲಸ ಮುಂದುವರಿಸಿದನು. 1935ರಲ್ಲಿ ಯೂಟಾ ರಾಜ್ಯದ ಬಾನೆವಿಲ್ ಉಪ್ಪಿನ ಬಯಲಿನಲ್ಲಿ ಆಬ್ ಜೆಂಕಿನ್ಸ್ ಎಂಬ ಚಾಲಕ ವಿಶೇಷವಾಗಿ ಸಿದ್ಧಪಡಿಸಿದ ಡ್ಯೂಸೆನ್‌ಬರ್ಗ್‌ನಲ್ಲಿ ಇಪ್ಪತ್ತನಾಲ್ಕು ಗಂಟೆಗಳ ಕಾಲ ಗಂಟೆಗೆ ಸರಾಸರಿ 135 ಮೈಲಿಗೂ ಹೆಚ್ಚಿನ ವೇಗವನ್ನು ಸಾಧಿಸಿದನು. ಅದೇ ವರ್ಷ ಗಿಡ್ಡನೆಯ ಷಾಸಿಯ ಮೇಲೆ ಎರಡೇ ಎರಡು ಕಾರುಗಳನ್ನು ಕಟ್ಟಿದರು. ಅವು ಹಾಲಿವುಡ್ಡಿನ ಗ್ಯಾರಿ ಕೂಪರ್ ಮತ್ತು ಕ್ಲಾರ್ಕ್ ಗೇಬಲ್ ಎಂಬ ನಟರ ಬಳಿ ಸೇರಿದುವು. ನಾನು ಮೊದಲು ಹೇಳಿದ ಹರಾಜಿನಲ್ಲಿ ಮಾರಾಟವಾದದ್ದು ಇವೆರಡರಲ್ಲಿ ಗ್ಯಾರಿ ಕೂಪರನ ಕಾರು.

ನಮ್ಮ ದೇಶಕ್ಕೂ ಈ ಕಥೆಯಲ್ಲಿ ಒಂದು ಪಾಲಿದೆ. ಇಂದೂರಿನ ಮಹಾರಾಜರಾಗಿದ್ದ ಯಶವಂತರಾವ್ ಹೋಳ್ಕರ್ ಹೊಸ ಕಲೆಯ ರಸಿಕರು. ಜರ್ಮನಿಯ ಎಕಾರ್ಟ್ ಮುಥೇಸಿಯಸ್ ಎಂಬ ವಾಸ್ತುಶಿಲ್ಪಿಯಿಂದ ಮಾಣಿಕ್‌ಬಾಗ್ ಅರಮನೆಯನ್ನು ಕಟ್ಟಿಸಿದವರು, ಬ್ರಾಂಕೂಸಿಯಂಥ ಶಿಲ್ಪಿಯಿಂದ ಹಕ್ಕಿಯ ಶಿಲ್ಪಗಳನ್ನು ತರಿಸಿದವರು. ಅವರಿಗಾಗಿ 1936ರಲ್ಲಿ ಒಂದು ಎಸ್‌ಜೆ ಷಾಸಿ ಅಮೆರಿಕದಿಂದ ಲಂಡನ್ನಿಗೆ ಬಂದು, ಅಲ್ಲಿನ ಗರ್ನಿ ನಟ್ಟಿಂಗ್ ಕಾರ್ಯಾಗಾರದಲ್ಲಿ ಕಿತ್ತಳೆ ಮತ್ತು ಕಪ್ಪು ಬಣ್ಣದ ಬಾಡಿ ತೊಟ್ಟು ಸಿದ್ಧವಾಯಿತು. ಹದಿಮೂರು ಅಡಿಗೆ ಸ್ವಲ್ಪ ಕಡಿಮೆ ಅಂತರದಲ್ಲಿ ಮುಂದಿನ ಹಿಂದಿನ ಚಕ್ರಗಳು, ಅಷ್ಟು ಉದ್ದದ ಗಾಡಿಯಲ್ಲಿ ಕೂರಲು ಇಬ್ಬರಿಗಷ್ಟೇ ಜಾಗ. ನೋಡಿದವರು ಇದನ್ನು ದುಂದು ಎನ್ನಬಹುದು. ಪ್ರಜೆಗಳ ದೃಷ್ಟಿಯಿಂದ ಆ ಮಾತನ್ನು ತಳ್ಳಿಹಾಕುವಂತೆಯೂ ಇಲ್ಲ. ಆದರೆ ಅರಮನೆ, ಶಿಲ್ಪ, ಕಾರು ಮೂರರಲ್ಲಿಯೂ ಒಂದೇ ರುಚಿಯ ಎಳೆ ಹರಿದಿರುವುದನ್ನೂ ಕಾಣಬೇಕು. ರಾಜ್ಯಗಳು ವಿಲೀನವಾಗಿ ಅರಮನೆಗಳ ವೈಭವ ಅಡಗಿದ ಮೇಲೆ ಆ ಕಾರು ಮತ್ತೆ ಕಡಲು ದಾಟಿ ತಾನು ಹುಟ್ಟಿದ ದೇಶದ ಸಂಗ್ರಾಹಕರ ಮನೆ ಸೇರಿತು.

1937ರಲ್ಲಿ ಕಾರ್ಡನ ಉದ್ಯಮಗಳ ಗೋಪುರ ಉರುಳಿತು. ಡ್ಯೂಸೆನ್‌ಬರ್ಗ್ ಅದರ ಅಡಿಯಲ್ಲಿ ಸಿಕ್ಕಿ ನಿಂತುಹೋಯಿತು. ರುಡಾಲ್ಫ್ ಬಾವರ್ ಎಂಬ ಜರ್ಮನ್ ಚಿತ್ರಕಾರ ಒಂದು ಕಾರನ್ನು ಬಯಸಿದ್ದನು. ನಾಟ್ಸಿಗಳ ಸೆರೆಯನ್ನು ಕಂಡು ಬಂದು ಆತ ಅಮೆರಿಕ ಸೇರಿದ ಮೇಲೆ, ಕಂಪನಿ ಮುಚ್ಚಿದ ಎಷ್ಟೋ ತಿಂಗಳ ಅನಂತರ, 1940ರಲ್ಲಿ ಅದು ಪೂರ್ತಿಯಾಯಿತು. ಆ ವಂಶದ ಕೊನೆಯ ಕೂಸು ಅದು.

ಇನ್ನು ಮುಂದಿನದು ಮರೆವಿನ ಕಾಲ. ಯುದ್ಧ ಬಂದು ಪೆಟ್ರೋಲಿಗೂ ಟೈರಿಗೂ ಪಡಿತರ ಬಂದಾಗ, ಹೊಟ್ಟೆಬಾಕನಂಥ ಈ ಗಾಡಿಯನ್ನು ಯಾರು ಸಾಕಬೇಕು? ಬಿಡಿಭಾಗ ಮಾಡಿಕೊಡುವ ಕಾರ್ಖಾನೆಯೂ ಇಲ್ಲ. ಹಳೆಯ ಶ್ರೀಮಂತರ ಮಕ್ಕಳು ಅಪ್ಪನ ಕಾಲದ ಆನೆಯನ್ನು ಬಂದ ಬೆಲೆಗೆ ಕೊಟ್ಟುಬಿಟ್ಟರು. ಹೀಗೆ ಅಗ್ಗವಾದಾಗ ಅವನ್ನು ಕೊಂಡವರು ಯಾರು ಎಂಬುದೇ ಈ ಚರಿತ್ರೆಯ ತಿರುಳು. ಹೆಚ್ಚಿನವರು ಸಾಧಾರಣ ಸಂಬಳದ ಜನ: ಮೆಕ್ಯಾನಿಕ್ಕುಗಳು, ವಿದ್ಯಾರ್ಥಿಗಳು, ಯುದ್ಧದಿಂದ ಮರಳಿದ ತರುಣರು. ಮುಂದೆ ಬೆಲೆ ಬಂದೀತೆಂಬ ಲೆಕ್ಕ ಅವರಿಗೆ ಇರುವಂತಿರಲಿಲ್ಲ. ಅಂಥ ಲೆಕ್ಕಕ್ಕೆ ಆಗ ಯಾವ ಆಧಾರವೂ ಇರಲಿಲ್ಲ. ಇಷ್ಟು ಚೆನ್ನಾಗಿ ಮಾಡಿದ ವಸ್ತು ಹಾಳಾಗಬಾರದು ಎಂಬ ಒಂದೇ ಭಾವನೆಯಿಂದ ಅವರು ಅದನ್ನು ಮನೆಗೆ ತಂದು, ರಜೆಯ ದಿನಗಳಲ್ಲಿ ಬಿಚ್ಚಿ ತೊಳೆದು, ಮುರಿದ ಭಾಗಗಳನ್ನು ತಾವೇ ಅರೆದು ಕೂಡಿಸಿದರು.

ಅವರು ಇನ್ನೊಂದು ಕೆಲಸವನ್ನೂ ಮಾಡಿದರು. ಯಾವ ಸಂಖ್ಯೆಯ ಕಾರು ಯಾರ ಕೈಯಲ್ಲಿತ್ತು, ಯಾರಿಂದ ಯಾರಿಗೆ ಹೋಯಿತು ಎಂದು ಬರೆದಿಡತೊಡಗಿದರು. 1951ರಲ್ಲಿ ಎಲ್ಬರ್ಟ್ ಎಂಬವರು ಡ್ಯೂಸೆನ್‌ಬರ್ಗ್ ಬಗ್ಗೆ ಮೊದಲ ದೊಡ್ಡ ಪುಸ್ತಕವನ್ನು ಹೊರತಂದರು. 1952ರಲ್ಲಿ ಆಬರ್ನ್, ಕಾರ್ಡ್, ಡ್ಯೂಸೆನ್‌ಬರ್ಗ್ ಕಾರುಗಳ ಅಭಿಮಾನಿಗಳ ಕ್ಲಬ್ಬು ಸ್ಥಾಪನೆಯಾಯಿತು. 1982ರಲ್ಲಿ ಫ್ರೆಡ್ ರೋ ಅವರ ವಿಸ್ತಾರವಾದ ಚರಿತ್ರೆ ಬಂದಿತು. ತಯಾರಾದ ಮಾಡೆಲ್ ಜೆ ಕಾರುಗಳಲ್ಲಿ ಸುಮಾರು ಮುಕ್ಕಾಲು ಪಾಲು ಇಂದಿಗೂ ಉಳಿದಿವೆ. ಅಷ್ಟು ಹಳೆಯ ಬೇರೆ ಯಾವ ಸಾಮಾನ್ಯ ಕಾರಿಗೂ ಈ ಭಾಗ್ಯ ಇಲ್ಲ.

ಮಗಳ ಮನೆಗೆಂದು ಅಮೆರಿಕಕ್ಕೆ ಹೋಗಿದ್ದಾಗ ಇಂಡಿಯಾನಾ ರಾಜ್ಯದ ಆಬರ್ನ್ ಎಂಬ ಸಣ್ಣ ಊರಿನ ಸಂಗ್ರಹಾಲಯವನ್ನು ನೋಡುವ ಸಂದರ್ಭ ನನಗೆ ಒದಗಿತ್ತು. 1930ರಲ್ಲಿ ಕಟ್ಟಿದ ಆಬರ್ನ್ ಕಂಪನಿಯ ಕಚೇರಿಯೇ 1974ರಲ್ಲಿ ಸಂಗ್ರಹಾಲಯವಾಯಿತು. ಕಾರು ಮಾರುತ್ತಿದ್ದ ವಿಶಾಲವಾದ ಹಜಾರದಲ್ಲಿಯೇ ಇಂದು ಆ ಕಾರುಗಳು ನಿಂತಿವೆ. ಅಲ್ಲಿ ನನ್ನ ಗಮನ ಸೆಳೆದದ್ದು ಬಣ್ಣಕ್ಕಿಂತ ಹೆಚ್ಚಾಗಿ ಪ್ರತಿಯೊಂದು ಕಾರಿನ ವಂಶಾವಳಿಗೆ ಅವರು ಕೊಡುವ ಮಹತ್ತ್ವ. ನಾವು ಪಾಠಪರಿಷ್ಕರಣ ಎಂದು ಕರೆಯುವ ಕೆಲಸವೇ ಅಲ್ಲಿ ನಡೆಯುತ್ತಿದೆ ಎಂದು ನನಗೆ ಅನಿಸಿತು.

ಏಕೆಂದರೆ ಡ್ಯೂಸೆನ್‌ಬರ್ಗ್‌ನ ಮೂಲವನ್ನು ನಿರ್ಣಯಿಸುವುದು ಸುಲಭವಲ್ಲ. ಇಂಜಿನ್ನಿಗೆ ಒಂದು ಸಂಖ್ಯೆ, ಚೌಕಟ್ಟಿಗೆ ಇನ್ನೊಂದು ಸಂಖ್ಯೆ, ಬಾಡಿಗೆ ಮತ್ತೊಂದು. ಒಂದೇ ಕಾಲದಲ್ಲಿ ತಯಾರಾದ ಷಾಸಿಗಳು ಎಷ್ಟೋ ವರ್ಷ ಕಾದು ಮಾರಾಟವಾದುದರಿಂದ ತಯಾರಾದ ಕಾಲವೂ ಮಾರಾಟದ ಕಾಲವೂ ಹೊಂದುವುದಿಲ್ಲ. ಹಳೆಯ ಬಾಡಿ ಬೇಸರವಾದವರು ಅದನ್ನು ತೆಗೆಸಿ ಹೊಸದನ್ನು ಕಟ್ಟಿಸಿದರು. ಇಂಜಿನ್ನು ಕೆಟ್ಟಾಗ ಇನ್ನೊಂದು ಕಾರಿನದನ್ನು ತಂದು ಕೂಡಿಸಿದರು. ಹೊಳೆಯುವ ಹೊರನಳಿಕೆಗಳನ್ನು ಬರಿಯ ಅಂದಕ್ಕಾಗಿ ಸಾದಾ ಮಾಡೆಲ್ ಜೆ ಕಾರಿಗೂ ಹಾಕಿಸಿಕೊಂಡವರಿದ್ದರು, ಆದ್ದರಿಂದ ನಳಿಕೆ ಕಂಡ ಮಾತ್ರಕ್ಕೆ ಎಸ್‌ಜೆ ಎನ್ನುವಂತಿಲ್ಲ. ಒಬ್ಬ ಕವಿಯ ಕಾವ್ಯದೊಳಗೆ ಇನ್ನೊಬ್ಬನ ಪದ್ಯ ಸೇರಿಕೊಂಡಂತೆ, ಲಿಪಿಕಾರ ತಿದ್ದಿದ್ದೇ ಮೂಲಪಾಠವೆಂದು ನಿಂತುಬಿಟ್ಟಂತೆ, ಇಲ್ಲಿಯೂ ಪ್ರಕ್ಷೇಪಗಳಿವೆ. ಅದನ್ನೆಲ್ಲ ಸಂಖ್ಯೆ, ಪತ್ರ, ಹಳೆಯ ಫೋಟೋಗಳ ಆಧಾರದಿಂದ ಶೋಧಿಸಿ, ಇದು ಮೊದಲಿನದು, ಇದು ಆಮೇಲಿನದು ಎಂದು ಕ್ಲಬ್ಬಿನ ಪರಿಣತರು ಪ್ರಮಾಣಪತ್ರ ಕೊಡುತ್ತಾರೆ. ಹುಟ್ಟಿದಾಗ ತೊಟ್ಟ ಬಾಡಿ, ಅದೇ ಇಂಜಿನ್ನು, ಅದೇ ಚೌಕಟ್ಟು ಮೂರೂ ಕೂಡಿ ಉಳಿದ ಕಾರಿಗೆ ಅತಿಹೆಚ್ಚಿನ ಗೌರವ. 2011ರಲ್ಲಿ ವಿಟೆಲ್‌ನ ಮರ್ಫಿ ಬಾಡಿಯ ಕಾರು ಒಂದು ಕೋಟಿ ಡಾಲರನ್ನು ಮೀರಿದ್ದಕ್ಕೆ ಅಂದದ ಜೊತೆಗೆ ಕಲಬೆರಕೆಯಿಲ್ಲದ ಅದರ ಚರಿತ್ರೆಯೂ ಕಾರಣ.

ಜೀರ್ಣೋದ್ಧಾರದ ವಿಷಯದಲ್ಲಿಯೂ ನಮ್ಮ ದೇವಾಲಯಗಳ ಬಗ್ಗೆ ನಡೆಯುವಂಥ ವಾದವೇ ಅಲ್ಲಿ ನಡೆದಿದೆ. ಒಂದು ಕಾಲದಲ್ಲಿ ಹಳೆಯ ಕಾರು ಸಿಕ್ಕಿತೆಂದರೆ ಕೊನೆಯ ಮೊಳೆಯವರೆಗೂ ಬಿಚ್ಚಿ, ಕಾರ್ಖಾನೆಯಿಂದ ಬಂದಾಗಲೂ ಇರದಿದ್ದ ಹೊಳಪನ್ನು ಹಚ್ಚುತ್ತಿದ್ದರು. ಈಗ, ಮಾಸಿದ ಬಣ್ಣವೂ ಸವೆದ ಚರ್ಮದ ಆಸನವೂ ಸಾಕ್ಷ್ಯವೇ, ಒಮ್ಮೆ ಕೆರೆದು ಹಾಕಿದರೆ ಮತ್ತೆ ಬರುವುದಿಲ್ಲ ಎಂಬ ವಿವೇಕ ಬಲವಾಗುತ್ತಿದೆ. ಶಾಸನದ ಕಲ್ಲಿಗೆ ಸುಣ್ಣ ಬಳಿದವರನ್ನು ಕಂಡಿರುವ ನಮಗೆ ಈ ಮಾತಿನ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಭಾಷೆಯ ವಿದ್ಯಾರ್ಥಿಯಾಗಿ ಒಂದು ಮಾತನ್ನು ಇಲ್ಲಿ ಸೇರಿಸುತ್ತೇನೆ. ಅಮೆರಿಕನ್ನರ ಆಡುಮಾತಿನಲ್ಲಿ, ಬಹಳ ಚೆನ್ನಾಗಿರುವ ಅಥವಾ ಅಸಾಧಾರಣವಾದ ವಸ್ತುವಿಗೆ ಡೂಸಿ ಎನ್ನುತ್ತಾರೆ. ಈ ಪದ ಡ್ಯೂಸೆನ್‌ಬರ್ಗ್ ಹೆಸರಿನಿಂದ ಬಂದಿತೆಂದು ಕಾರಿನ ಅಭಿಮಾನಿಗಳು ಹೆಮ್ಮೆಯಿಂದ ಹೇಳುವುದುಂಟು. ಆದರೆ ಆ ಪದ ಈ ಕಾರಿಗೆ ಮೊದಲೇ ಬಳಕೆಯಲ್ಲಿದ್ದುದನ್ನು ನಿಘಂಟುಕಾರರು ತೋರಿಸಿಕೊಟ್ಟಿದ್ದಾರೆ. ಡೇಸಿ ಎಂಬ ಹೂವಿನ ಹೆಸರು, ಎಲಿಯೊನೋರಾ ಡೂಸೆ ಎಂಬ ಇಟಲಿಯ ಪ್ರಖ್ಯಾತ ನಟಿಯ ಹೆಸರು ಎರಡರ ನೆರಳೂ ಅದರ ಮೇಲೆ ಬಿದ್ದಿರಬಹುದು ಎನ್ನುತ್ತಾರೆ. ವೀರಬಲ್ಲಾಳನಿಗೆ ಮುದುಕಿ ಕೊಟ್ಟ ಬೆಂದ ಕಾಳಿನಿಂದ ಬೆಂಗಳೂರಾಯಿತು ಎನ್ನುವ ಕಥೆಯೂ ಇದೇ ಬಗೆಯದು. ಆ ಅರಸನಿಗಿಂತ ಬಹಳ ಹಿಂದಿನದಾದ ಬೇಗೂರಿನ ಶಾಸನದಲ್ಲಿಯೇ ಬೆಂಗಳೂರಿನ ಹೆಸರಿದೆ. ಜನ ತಾವು ಪ್ರೀತಿಸುವ ಹೆಸರಿಗೆ ಒಂದು ಕಥೆಯನ್ನು ಕಟ್ಟಿಕೊಡುತ್ತಾರೆ. ಕಥೆ ಸುಳ್ಳಾದರೂ ಅದರ ಹಿಂದಿನ ಪ್ರೀತಿ ಸುಳ್ಳಲ್ಲ.

ಇಷ್ಟನ್ನು ನೋಡಿದ ಮೇಲೆ ಮೊದಲಿನ ಪ್ರಶ್ನೆಗೆ ಬರೋಣ. ಸಂಗ್ರಾಹಕನು ಡ್ಯೂಸೆನ್‌ಬರ್ಗ್‌ನಲ್ಲಿ ಕಾಣುವುದೇನನ್ನು? ಅಪರೂಪ ಎಂಬುದು ಸಿದ್ಧವಾದ ಉತ್ತರ. ಆದರೆ ಜಗತ್ತಿನಲ್ಲಿ ಹತ್ತೋ ಇಪ್ಪತ್ತೋ ತಯಾರಾಗಿ ನಿಂತುಹೋದ ಕಾರುಗಳಿಗೆ ಲೆಕ್ಕವಿಲ್ಲ, ಅವನ್ನು ಕೇಳುವವರಿಲ್ಲ. ಒಳ್ಳೆಯ ಕೆಲಸಗಾರಿಕೆ ಎಂಬುದು ಎರಡನೆಯ ಉತ್ತರ. ಅದು ನಿಜ, ಆದರೆ ಸಾಲದು. 1940ರಲ್ಲಿಯೂ ಕೆಲಸಗಾರಿಕೆ ಅದೇ ಇತ್ತು, ಆದರೂ ಕಾರು ಗುಜರಿಗೆ ಹೋಗುತ್ತಿತ್ತು. ಈ ಎರಡಕ್ಕೂ ಮೂರನೆಯದೊಂದು ಕೂಡಬೇಕಾಗಿತ್ತು. ಅದು ಅರಿವು. ಆ ಅರಿವನ್ನು ತಂದವರು ಹಣವಂತರಲ್ಲ. ಬೆಲೆಯಿಲ್ಲದ ಕಾಲದಲ್ಲಿ ಬೆಲೆ ಕಂಡು, ಕೈಗೆ ಮಸಿ ಬಳಿದುಕೊಂಡು, ಪಟ್ಟಿ ಬರೆದಿಟ್ಟ ಸಾಧಾರಣ ಜನ. ಹರಾಜಿನ ಹಣ ಅವರ ಹಿಂದೆ ಬಂದದ್ದು, ಬಹಳ ತಡವಾಗಿ.

ಹಣ ಬಂದಾಗ ಒಂದು ನಷ್ಟವೂ ಜೊತೆಗೆ ಬಂದಿತು. ಗಂಟೆಗೆ ನೂರು ಮೈಲಿ ಓಡಲೆಂದು ಹುಟ್ಟಿದ ಕಾರುಗಳಲ್ಲಿ ಹಲವು ಈಗ ಮುಚ್ಚಿದ ಲಾರಿಯಲ್ಲಿ ಬಂದಿಳಿದು, ಹುಲ್ಲುಹಾಸಿನ ಮೇಲೆ ನಿಂತು, ಬಹುಮಾನ ಪಡೆದು, ಮತ್ತೆ ಲಾರಿಯೇರಿ ಮನೆಗೆ ಹೋಗುತ್ತವೆ. ಯಾರೂ ಓದದ ಕಾವ್ಯವನ್ನು ರೇಷ್ಮೆವಸ್ತ್ರದಲ್ಲಿ ಸುತ್ತಿ ಪೂಜೆಗೆ ಇಟ್ಟಂತೆ ಅದು. ಪುಣ್ಯವಶದಿಂದ, ಓಡಿಸುವುದೇ ಗೌರವ ಎಂದು ತಿಳಿದ ಸಂಗ್ರಾಹಕರೂ ಇದ್ದಾರೆ. ಆಬರ್ನ್ ಊರಿನಲ್ಲಿ 1956ರಿಂದ ನಡೆದುಕೊಂಡು ಬಂದಿರುವ ಸಮ್ಮೇಳನದಲ್ಲಿ ಈ ಕಾರುಗಳು ತಮ್ಮದೇ ಚಕ್ರಗಳ ಮೇಲೆ ಬೀದಿಯಲ್ಲಿ ಸಾಗುತ್ತವೆ. ಅಲ್ಲಿನ ಮಕ್ಕಳು ಆ ಇಂಜಿನ್ನಿನ ದನಿಯನ್ನು ಕೇಳುತ್ತಾರೆ.

ನಮ್ಮ ಸುತ್ತಲೂ ಇಂದು ಬೆಲೆಯಿಲ್ಲವೆಂದು ಮೂಲೆ ಸೇರಿದ ವಸ್ತುಗಳು ಎಷ್ಟಿಲ್ಲ? ಅಟ್ಟದ ಮೇಲಿನ ಕಡತಗಳು, ನಿಂತುಹೋದ ಅಚ್ಚುಕೂಟದ ಮೊಳೆಗಳು, ಮಗ್ಗಗಳು, ಎತ್ತಿನ ಗಾಡಿಯ ಕೆತ್ತನೆಯ ಹಲಗೆಗಳು. ಅವೆಲ್ಲಕ್ಕೂ ಕೋಟಿಯ ಬೆಲೆ ಬಂದೀತೆಂದು ನಾನು ಹೇಳುವುದಿಲ್ಲ, ಬರಬೇಕಾಗಿಯೂ ಇಲ್ಲ. ಯಾವುದನ್ನು ಯಾರು, ಯಾವ ಊರಿನಲ್ಲಿ, ಯಾರಿಗಾಗಿ ಮಾಡಿದರು ಎಂದು ಒಂದು ಹಾಳೆಯಲ್ಲಿ ಬರೆದಿಟ್ಟರೆ ಅದೇ ದೊಡ್ಡ ಉಪಕಾರ. ಡ್ಯೂಸೆನ್‌ಬರ್ಗ್ ಅಣ್ಣತಮ್ಮಂದಿರ ಹೆಸರು ಇಂದು ಉಳಿದಿರುವುದು ಉಕ್ಕಿನ ಬಲದಿಂದ ಎಷ್ಟೋ, ಅಂಥ ಹಾಳೆಗಳ ಬಲದಿಂದಲೂ ಅಷ್ಟೇ.